ಸೋರುವ ಗಾಡಿಗೆ ಹತ್ತು ವರ್ಷದ ತಾಮ್ರಶಾಸನ!

ಮಳೆಯ ದೇಶದಲ್ಲಿ ಮಳೆ ತಡೆಯದ ಗಾಡಿ ಮಾರುತ್ತಾರೆ. ಮಾರಿದ ಮೇಲೆ ಕೊಂಡವನ ಕೈಗೊಂದು ಕಾಗದ ತುರುಕುತ್ತಾರೆ. ಆ ಕಾಗದದಲ್ಲಿ ದಪ್ಪಕ್ಷರದಲ್ಲಿ 'ಹತ್ತು ವರ್ಷದ ವಾರಂಟಿ' ಎಂದಿರುತ್ತದೆ. ಸಣ್ಣಕ್ಷರದಲ್ಲಿ ಆ ಹತ್ತು ವರ್ಷವನ್ನು ಹಿಂದಕ್ಕೆ ಕಿತ್ತುಕೊಳ್ಳುವ ದಾರಿಗಳಿರುತ್ತವೆ. ಇದು ಗ್ರಾಹಕನಿಗೆ ದಿಕ್ಕುದೆಸೆಯಿಲ್ಲದ ಯಾವುದೋ ದೇಶದ ಕಥೆಯಲ್ಲ ಗೆಳೆಯರೇ. ನಮ್ಮ ಇಂಗ್ಲಿಷ್ ಮೀಡಿಯಂ ಪಂಡಿತರು ಎದ್ದರೂ ಕೂತರೂ ಮಾದರಿಯೆಂದು ತೋರಿಸುವ ಇಂಗ್ಲೆಂಡಿನ ಕಥೆ!

ವಸ್ತು ಯಾವುದೆಂದರೆ ಟೂರಿಂಗ್ ಕ್ಯಾರವಾನ್. ಕಾರಿನ ಬೆನ್ನಿಗೆ ಕೊಂಡಿ ಹಾಕಿ ಎಳೆದೊಯ್ಯುವ ಗಾಲಿಯ ಮನೆ. ಅದರೊಳಗೆ ಹಾಸಿಗೆ, ಒಲೆ, ಫ್ರಿಜ್ಜು, ಹೀಟರು, ಕಕ್ಕಸು ಎಲ್ಲವೂ ಉಂಟು. ಇಂಜಿನ್ ಮಾತ್ರ ಇಲ್ಲ. ಈ 'ಇಂಜಿನ್ ಇಲ್ಲ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಕಾನೂನಿನ ವಿಚಾರ ಬಂದಾಗ ಇದೇ ದೊಡ್ಡ ಆಯುಧವಾಗುತ್ತದೆ. ಹೊಸ ಗಾಡಿಯೊಂದಕ್ಕೆ ಇಪ್ಪತ್ತು ಸಾವಿರ, ಮೂವತ್ತು ಸಾವಿರ ಪೌಂಡು, ಅದಕ್ಕೂ ಮೀರಿ ಕೊಡಬೇಕು. ಮೂವತ್ತು ಸಾವಿರ ಪೌಂಡೆಂದರೆ ನಮ್ಮ ಲೆಕ್ಕದಲ್ಲಿ ಮೂವತ್ತು ಲಕ್ಷ ರೂಪಾಯಿಗೂ ಮೇಲೆ. ಅಷ್ಟು ಸುರಿದವನು ಮಲಗಿದಾಗ ತಲೆದಿಂಬು ಒದ್ದೆಯಾದರೆ ಯಾರನ್ನು ಕೇಳಬೇಕು?

ನಮಗೇಕೆ ಈ ಉಸಾಬರಿ ಎನ್ನಬೇಡಿ. ನಮ್ಮ ಹುಡುಗ ಹುಡುಗಿಯರು ಸಾವಿರಾರು ಮಂದಿ ಅಲ್ಲಿನ ಆಸ್ಪತ್ರೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದಾರೆ. ರಜೆ ಬಂದರೆ ಮಕ್ಕಳನ್ನು ಕಟ್ಟಿಕೊಂಡು ಸ್ಕಾಟ್ಲೆಂಡ್, ವೇಲ್ಸ್ ಎಂದು ಹೊರಡುತ್ತಾರೆ. ಇನ್ನು ಇಲ್ಲೇ ಇದ್ದುಕೊಂಡು ಸ್ಕೂಟರಿನ ಕಂತು ಕಟ್ಟುತ್ತಾ ಸರ್ವಿಸ್ ಸೆಂಟರಿನ ಬೆಂಚಿನ ಮೇಲೆ ಶನಿವಾರಗಳನ್ನು ಕಳೆಯುತ್ತಿರುವವರು ಈ ಕಥೆಯಲ್ಲಿ ತಮ್ಮ ಮುಖ ತಾವೇ ಕಾಣುತ್ತಾರೆ. ಆಟ ಒಂದೇ. ಊರು ಬೇರೆ.

ಮೊದಲು ಈ ಗಾಡಿ ಹೇಗೆ ಕಟ್ಟುತ್ತಾರೆಂದು ನೋಡಿ. ಕೆಳಗೆ ಉಕ್ಕಿನ ಚಾಸಿ. ಅದರ ಮೇಲೆ ನೆಲದ ಹಲಗೆ. ಸುತ್ತ ಗೋಡೆ. ಗೋಡೆಯೆಂದರೆ ಹೊರಗೆ ತೆಳು ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಫೋಮು, ಒಳಗೆ ತೆಳು ಪ್ಲೈವುಡ್. ಹಳೆಯ ಪದ್ಧತಿಯಲ್ಲಿ ಇವುಗಳ ನಡುವೆ ಅಗ್ಗದ ಮೆದುಮರದ ಚೌಕಟ್ಟು. ಎರಡು ಹಾಳೆ ಕೂಡುವ ಪ್ರತಿಯೊಂದು ಮೂಲೆಗೂ ಒಂದು ಅಲ್ಯೂಮಿನಿಯಂ ಪಟ್ಟಿ. ಆ ಪಟ್ಟಿಯನ್ನು ಹಿಡಿದಿಡಲು ಸಾಲುಸಾಲು ಸ್ಕ್ರೂ. ಸ್ಕ್ರೂ ತೂತಿನಲ್ಲಿ ನೀರು ಹೋಗದಂತೆ ಪಟ್ಟಿಯ ಕೆಳಗೆ ಮ್ಯಾಸ್ಟಿಕ್ ಎಂಬ ಮೇಣದಂಥ ಅಂಟು. ಇಷ್ಟೇ ರಕ್ಷಣೆ! ಕಿಟಕಿಗೆ ತೂತು, ದೀಪಕ್ಕೆ ತೂತು, ಹೀಟರಿನ ಹೊಗೆಗೆ ತೂತು, ಮಾಡಿನ ಗಾಳಿಕಿಂಡಿಗೆ ತೂತು. ಪ್ರತಿ ತೂತಿಗೂ ಅದೇ ಮ್ಯಾಸ್ಟಿಕ್. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರನ ಕೈ ಎರಡು ಅಂಗುಲ ಅಂಟು ಹಚ್ಚುವುದನ್ನು ತಪ್ಪಿಸಿತೆಂದರೆ ಗಾಡಿಯ ಹಣೆಬರಹ ಅಲ್ಲೇ ಬರೆದಾಯಿತು. ಅವನನ್ನು ನಾನು ಬಯ್ಯುವುದಿಲ್ಲ. ಗಂಟೆಗೆ ಇಷ್ಟು ಗಾಡಿ ಎಂದು ಅವನ ತಲೆಯ ಮೇಲೆ ಗಡಿಯಾರ ಕಟ್ಟಿದವರನ್ನು ಬಯ್ಯುತ್ತೇನೆ.

ನೀರು ಒಳಗೆ ಹೊಕ್ಕಿತೆಂದು ತಕ್ಷಣ ಗೊತ್ತಾಗುವುದಿಲ್ಲ. ಹೊರಗೆ ಬಣ್ಣ ಫಳಫಳ. ಒಳಗೆ ಗೋಡೆಯ ಕಾಗದ ಚೆಂದ. ನಡುವೆ ಮರ ಕೊಳೆಯುತ್ತಿರುತ್ತದೆ. ಬೆರಳಲ್ಲಿ ಒತ್ತಿದರೆ ಗೋಡೆ ಹಣ್ಣಾದ ಹಲಸಿನಂತೆ ಒಳಹೋಗುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಅದನ್ನು ಮುಂಚೆಯೇ ಕಂಡುಹಿಡಿಯಲು ಡ್ಯಾಂಪ್ ಮೀಟರ್ ಎಂಬ ಸಣ್ಣ ಉಪಕರಣವಿದೆ. ಗೋಡೆಯ ತೇವವನ್ನು ಶೇಕಡಾವಾರು ತೋರಿಸುತ್ತದೆ. 15ರವರೆಗೆ ಚಿಂತೆಯಿಲ್ಲ. 20 ದಾಟಿದರೆ ಕಣ್ಣಿಡಬೇಕು. 30 ದಾಟಿತೆಂದರೆ ಒಳಗಿನ ಕಟ್ಟಡವೇ ಹಾಳಾಗುತ್ತಿದೆ ಎಂದು ಅಲ್ಲಿನ ಮೆಕ್ಯಾನಿಕ್ಕುಗಳ ಲೆಕ್ಕ.

ನೆಲದ ಕಥೆಯೂ ಹೀಗೆಯೇ. ಮೇಲೊಂದು ಪ್ಲೈವುಡ್, ಕೆಳಗೊಂದು ಪ್ಲೈವುಡ್, ನಡುವೆ ಫೋಮು, ಎಲ್ಲಕ್ಕೂ ಅಂಟು. ಅಂಟು ಬಿಟ್ಟರೆ ಬಾಗಿಲ ಬಳಿ, ಒಲೆಯ ಮುಂದೆ, ಅಂದರೆ ಜನ ಹೆಚ್ಚು ಓಡಾಡುವ ಕಡೆ, ಕಾಲಿಟ್ಟರೆ ಕಿರ್ರ್ ಎನ್ನುತ್ತದೆ, ಸ್ಪಂಜಿನಂತೆ ತಗ್ಗುತ್ತದೆ. ರಿಪೇರಿ ಏನು ಗೊತ್ತೇ? ಮನೆಯ ನೆಲಕ್ಕೆ ಡ್ರಿಲ್ಲಿನಿಂದ ಹತ್ತಾರು ತೂತು ಕೊರೆದು ಸಿರಿಂಜಿನಲ್ಲಿ ರಾಳ ಚುಚ್ಚುವುದು! ಹೊಸ ಗಾಡಿಗೆ ಇಂಜೆಕ್ಷನ್!

ಕಂಪನಿಗಳಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. 2010ರ ಆಸುಪಾಸಿನಿಂದ ಅಲ್ಲಿನ ದೊಡ್ಡ ತಯಾರಕರು ಒಬ್ಬೊಬ್ಬರಾಗಿ ಹೊಸ ಪದ್ಧತಿಗೆ ಹೊರಳಿದರು. ಬ್ರಿಸ್ಟಲ್‌ನ ಬೇಯ್ಲಿ ಕಂಪನಿ ಅಲ್ಯೂಮಿನಿಯಂ ಬಿಗಿತದ 'ಆಲು-ಟೆಕ್' ಎಂದಿತು. ಹಲ್ ಪಟ್ಟಣದ ಪಕ್ಕದ ಸ್ವಿಫ್ಟ್ ಕಂಪನಿ ಚೌಕಟ್ಟಿನಲ್ಲಿ ಮರವೇ ಇಲ್ಲ ಎಂದು ಡಂಗುರ ಹೊಡೆಯಿತು. ಒಳ್ಳೆಯದೇ. ಮರ ಇಲ್ಲದಿದ್ದರೆ ಕೊಳೆಯುವುದಿಲ್ಲ. ಆದರೆ ಇಷ್ಟು ವರ್ಷ ಅದೇ ಮರದ ಗಾಡಿಯನ್ನು 'ಗಟ್ಟಿಮುಟ್ಟು' ಎಂದು ಮಾರಿದವರೂ ಇದೇ ಉದ್ಯಮದವರಲ್ಲವೇ? ಅದಲ್ಲದೆ ಕೊಳೆಯದ ಚೌಕಟ್ಟಿನ ಗಾಡಿಯಲ್ಲೂ ನೀರು ಹೊಕ್ಕರೆ ಹೊಕ್ಕಂತೆಯೇ. ಹಾಸಿಗೆ ಒದ್ದೆಯಾಗುವುದು ತಪ್ಪಲಿಲ್ಲ.

ಕೇಳಿದರೆ ಸಿದ್ಧ ಉತ್ತರ: ತೂಕ. ಕಾರು ಎಳೆಯಬೇಕಲ್ಲ ಸ್ವಾಮಿ, ಹಗುರ ಮಾಡಲೇಬೇಕು, ಹಗುರವಾದದ್ದು ನಾಜೂಕು ಇರಲೇಬೇಕು ಎನ್ನುತ್ತಾರೆ. ವಿಮಾನವೂ ಹಗುರವೇ. ಅದರ ಮಾಡಿನಿಂದ ಪ್ರಯಾಣಿಕರ ತಲೆಗೆ ನೀರು ತೊಟ್ಟಿಕ್ಕುತ್ತದೆಯೇ? 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟಿಷ್ ನೌಕಾಪಡೆಯ ವೈದ್ಯ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಲ್ಲಿ 'ವಾಂಡರರ್' ಎಂಬ ಗಾಡಿ ಕಟ್ಟಿಸಿದ. ಎರಡು ಕುದುರೆ ಹೂಡಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದ. ಸುಖಕ್ಕಾಗಿ ಊರೂರು ತಿರುಗುವ ಕ್ಯಾರವಾನಿನ ಮೂಲಪುರುಷ ಅದೇ ಎನ್ನುತ್ತಾರೆ. ಎರಡು ಟನ್ನಿನ ಆಸುಪಾಸು ತೂಗುವ ಆ ಮರದ ಗಾಡಿ ಇಂದಿಗೂ ಉಳಿದಿದೆ! ಕುದುರೆ ಗಾಡಿಗೂ ಕಾರಿನ ಹಿಂದೆ ಅರವತ್ತು ಮೈಲಿ ವೇಗದಲ್ಲಿ ಓಡುವ ಗಾಡಿಗೂ ಹೋಲಿಕೆ ಸಲ್ಲದೆಂದು ತರ್ಕ ಮಾಡುವವರು ಮಾಡಲಿ. ನೀರು ಹೊರಗಿರಬೇಕು, ಮನುಷ್ಯ ಒಳಗಿರಬೇಕು ಎಂಬ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ.

ಕಟ್ಟಡದ ಕಳಪೆತನ ಬರೀ ಹಾಸಿಗೆ ಒದ್ದೆ ಮಾಡುವ ವಿಷಯವೂ ಅಲ್ಲ. 2005ರ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಕತ್ರೀನಾ ಚಂಡಮಾರುತ ಬಡಿಯಿತು. ಮನೆ ಕಳೆದುಕೊಂಡವರಿಗೆ ಅಲ್ಲಿನ ಸರ್ಕಾರ ಇಂಥದ್ದೇ ಗಾಡಿಗಳನ್ನು ಸಾವಿರ ಸಾವಿರ ಲೆಕ್ಕದಲ್ಲಿ ಕೊಂಡು ಹಂಚಿತು. ಒಳಹೊಕ್ಕ ಬಡವರಿಗೆ ಕಣ್ಣುರಿ, ಕೆಮ್ಮು, ಮೂಗಿನಲ್ಲಿ ರಕ್ತ. ಗೋಡೆ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ವಿಷಗಾಳಿ ಸೂಸುತ್ತಿತ್ತು! ಸರ್ಕಾರಿ ವಿಜ್ಞಾನಿಗಳು 519 ಗಾಡಿಮನೆಗಳನ್ನು ಪರೀಕ್ಷಿಸಿ 2008ರಲ್ಲಿ ಸರಾಸರಿ ನೂರು ಕೋಟಿಗೆ 77 ಪಾಲು ಎಂದು ಲೆಕ್ಕ ಕೊಟ್ಟರು. ಸಾಧಾರಣ ಮನೆಗಳಲ್ಲಿ ಇರುವುದಕ್ಕಿಂತ ಎಷ್ಟೋ ಹೆಚ್ಚು. ಹಲಗೆಯ ಅಂಟಿಗೆ ಮಿತಿ ಹಾಕುವ ಕಾಯಿದೆ ಅಲ್ಲಿ ಬಂದದ್ದು 2010ರಲ್ಲಿ. ಪರಿಹಾರದ ಹಣಕ್ಕೆ ನ್ಯಾಯಾಲಯ ಒಪ್ಪಿಗೆ ಕೊಟ್ಟದ್ದು 2012ರಲ್ಲಿ. ಏಳು ವರ್ಷ! ಆಯ್ಕೆಯಿಲ್ಲದವನ ತಲೆಗೆ ಯಾವ ಡಬ್ಬಿ ಕಟ್ಟುತ್ತಾರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮತ್ತೆ ಇಂಗ್ಲೆಂಡಿಗೆ ಬನ್ನಿ. ಅಲ್ಲಿ ಆಯ್ಕೆ ಮಾಡಿ, ದುಡ್ಡು ಕೊಟ್ಟು ಕೊಂಡವನ ಪಾಡೇನು?

ಕಾಗದದ ಕರಾಮತ್ತು

ವಾರಂಟಿ ಕಾಗದ ಬಿಡಿಸಿ ನೋಡಿ. ಒಲೆ, ಫ್ರಿಜ್ಜು, ಪಂಪು ಇತ್ಯಾದಿಗೆ ಕೆಲವೇ ವರ್ಷ. ನೀರು ಸೋರದಿರುವುದಕ್ಕೆ ಆರು ವರ್ಷ, ಹತ್ತು ವರ್ಷ. ಕೇಳಲು ಇಂಪು. ಆದರೆ ಷರತ್ತು ಕೇಳಿ. ಪ್ರತಿ ವರ್ಷ ತಪ್ಪದೆ ಸರ್ವಿಸ್ ಮಾಡಿಸಬೇಕು. ಎಲ್ಲಿಂದರಲ್ಲಿ ಅಲ್ಲ, ಅವರು ಒಪ್ಪಿದ ವರ್ಕ್‌ಶಾಪಿನಲ್ಲಿ. ಯಾವಾಗೆಂದರೆ ಆಗ ಅಲ್ಲ, ಕೊಂಡ ದಿನಾಂಕದ ಹಿಂದೆ ಮುಂದೆ ಇಷ್ಟೇ ವಾರಗಳೊಳಗೆ. ಒಂದೊಂದು ಸಲಕ್ಕೂ ಇನ್ನೂರು, ಮುನ್ನೂರು ಪೌಂಡು. ಒಂದು ವರ್ಷ ಒಂದು ವಾರ ತಡವಾಯಿತೋ, ಹೆಂಡತಿಯ ಹೆರಿಗೆಯೋ ತಂದೆಯ ಶ್ರಾದ್ಧಕ್ಕೆ ಊರಿಗೆ ಬಂದದ್ದೋ ಏನೇ ಇರಲಿ, ಶಾಸನ ಬಿತ್ತು! ಹತ್ತು ವರ್ಷ ಲೆಕ್ಕ ಹಾಕಿದರೆ ಎರಡು ಮೂರು ಸಾವಿರ ಪೌಂಡನ್ನು ಕೊಂಡವನೇ ಕಟ್ಟಿರುತ್ತಾನೆ. ಇದಕ್ಕೆ ಅವರಿಟ್ಟ ಹೆಸರು 'ಉಚಿತ ವಾರಂಟಿ'. ಹಗಲು ದರೋಡೆಗೆ ಇಷ್ಟು ಚೆಂದದ ಹೆಸರನ್ನು ನಮ್ಮ ರಾಜಕಾರಣಿಗಳೂ ಇಟ್ಟಿಲ್ಲ.

ಇರಲಿ, ಎಲ್ಲ ಷರತ್ತನ್ನೂ ಪಾಲಿಸಿದಿರಿ, ಆದರೂ ಸೋರಿತು. ಈಗ ಶುರು ಫುಟ್‌ಬಾಲ್. ಅಂಗಡಿಯವನು 'ಇದು ಕಂಪನಿಯ ತಪ್ಪು, ಕಂಪನಿಗೆ ಬರೆಯಿರಿ' ಎನ್ನುತ್ತಾನೆ. ಕಂಪನಿ 'ನಿಮ್ಮ ವ್ಯವಹಾರ ಅಂಗಡಿಯ ಜೊತೆ, ಅಲ್ಲಿ ಕೇಳಿ' ಎನ್ನುತ್ತದೆ. ಹೀಟರ್ ಕೆಟ್ಟರೆ ಅದು ಮೂರನೆಯವನ ಮಾಲು. ಕಾರ್ಖಾನೆಯವನು ಪೋಟೋ ಕೇಳುತ್ತಾನೆ, ಅಂಗಡಿಯವನು ಒಪ್ಪಿಗೆ ಪತ್ರಕ್ಕೆ ಕಾಯುತ್ತಾನೆ, ಬಿಡಿಭಾಗ ಜರ್ಮನಿಯಿಂದಲೋ ಇಟಲಿಯಿಂದಲೋ ಬರಬೇಕು. ಅಷ್ಟರಲ್ಲಿ ಏಪ್ರಿಲ್ ಹೋಗಿ ಸೆಪ್ಟೆಂಬರ್ ಬರುತ್ತದೆ. ಆ ದೇಶದಲ್ಲಿ ಬಿಸಿಲು ಇರುವುದೇ ಅಷ್ಟು ದಿನ! ಗಾಡಿ ಅಂಗಡಿಯ ಹಿತ್ತಲಲ್ಲಿ, ಕುಟುಂಬ ಮನೆಯಲ್ಲಿ, ಕಂತು ಮಾತ್ರ ಬ್ಯಾಂಕಿನಿಂದ ತಿಂಗಳು ತಿಂಗಳು ತಪ್ಪದೆ ಕಡಿತ.

ಮನೆಯ ಪಕ್ಕದ ಅಂಗಡಿಗೆ ಒಯ್ಯೋಣವೆಂದರೆ ಅವನು 'ನಮ್ಮಲ್ಲಿ ಕೊಂಡ ಗಾಡಿಗೇ ಜಾಗವಿಲ್ಲ' ಎನ್ನುತ್ತಾನೆ. ಕಾರಣ ಸರಳ. ವಾರಂಟಿ ಕೆಲಸಕ್ಕೆ ಕಂಪನಿ ಕೊಡುವ ಕೂಲಿ, ಗಿರಾಕಿಯಿಂದ ನೇರ ಸಿಗುವ ಕೂಲಿಗಿಂತ ಕಡಿಮೆ. ಯಾವನು ಮಾಡುತ್ತಾನೆ? ಹಾಗಾಗಿ ಇನ್ನೂರು ಮೈಲಿ ದೂರದಲ್ಲಿ ಸ್ವಲ್ಪ ಕಡಿಮೆ ಬೆಲೆಗೆ ಕೊಂಡವನು ಪ್ರತಿ ರಿಪೇರಿಗೂ ಇನ್ನೂರು ಮೈಲಿ ಎಳೆದುಕೊಂಡು ಹೋಗಬೇಕು.

ನಮ್ಮ ಹಾಸನದ ಕಡೆಯ ಹುಡುಗನೊಬ್ಬ ಯಾರ್ಕ್‌ಷೈರಿನಲ್ಲಿ ನೌಕರಿಯಲ್ಲಿದ್ದಾನೆ. ಹೊಸ ಗಾಡಿ ಕೊಂಡ ನಾಲ್ಕನೆಯ ತಿಂಗಳಿಗೆ ಮಗಳು ಮಲಗುವ ಮೂಲೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳು. ಅಂಗಡಿಯ ಮಹಾಶಯ ಬಂದು ನೋಡಿ ಏನೆಂದ ಗೊತ್ತೇ? 'ಇದು ಸೋರಿಕೆಯಲ್ಲ ಸರ್, ನೀವು ಒಳಗೆ ಉಸಿರಾಡುತ್ತೀರಲ್ಲ, ಅದರ ತೇವ. ಕಿಟಕಿ ತೆಗೆದಿಡಿ.' ಉಸಿರಾಡಿದ್ದೇ ತಪ್ಪು! ಮನುಷ್ಯರು ಮಲಗುವುದಕ್ಕೆಂದೇ ಮಾರಿದ ಡಬ್ಬಿಯಲ್ಲಿ ಮನುಷ್ಯರು ಉಸಿರಾಡಬಾರದು! ಉಸಿರಿನ ತೇವ ಗೋಡೆಯ ಮೇಲ್ಮೈಗೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ, ಗೋಡೆಯ ಒಳಗಿನ ಮೀಟರ್ ಲೆಕ್ಕವನ್ನು ಒಂದೇ ಮೂಲೆಯಲ್ಲಿ ಮೂವತ್ತಕ್ಕೆ ಏರಿಸುವುದಿಲ್ಲ ಎಂದು ಇವನು ಬೇರೊಬ್ಬ ಮೆಕ್ಯಾನಿಕ್ಕಿನಿಂದ ಬರೆಸಿ ತಂದ. ಆಮೇಲೆ ಒಪ್ಪಿದರು. ಹನ್ನೊಂದು ವಾರ ಇಟ್ಟುಕೊಂಡು ಮೂಲೆಗೆ ಮ್ಯಾಸ್ಟಿಕ್ ಬಳಿದು ಕೊಟ್ಟರು. ಮುಂದಿನ ಮಳೆಗೆ ಅದೇ ಮೂಲೆ, ಅದೇ ಕಪ್ಪು. 'ಮತ್ತೆ ತನ್ನಿ, ವಾರಂಟಿ ಇದೆಯಲ್ಲ' ಎಂದರು. ಇಲ್ಲಿಯೇ ಅವರು ಎಡವಿದ್ದು. ಹುಡುಗ ಅಷ್ಟರಲ್ಲಿ ವಾರಂಟಿ ಕಾಗದ ಪಕ್ಕಕ್ಕಿಟ್ಟು ಕಾನೂನಿನ ಪುಸ್ತಕ ತೆಗೆದಿದ್ದ.

ಮುಚ್ಚಿಟ್ಟ ಕಾನೂನು

ಆ ಕಾನೂನು ಯಾವುದು? 2015ರ ಗ್ರಾಹಕರ ಹಕ್ಕುಗಳ ಕಾಯಿದೆ. ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇದರಲ್ಲಿ ಹೊಣೆ ಕಾರ್ಖಾನೆಯವನದ್ದಲ್ಲ. ದುಡ್ಡು ಎಣಿಸಿಕೊಂಡ ಅಂಗಡಿಯವನದ್ದು! ಮಾರಿದ ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು. ಬಾಳಿಕೆ, ಅಂದಚೆಂದ, ಸಣ್ಣಪುಟ್ಟ ದೋಷವೂ ಇಲ್ಲದಿರುವುದು, ಎಲ್ಲವೂ ಆ ಗುಣಮಟ್ಟದೊಳಗೆ ಬರುತ್ತದೆ ಎಂದು ಕಾಯಿದೆಯೇ ಹೇಳುತ್ತದೆ. ದೋಷ ಕಂಡರೆ ಮೊದಲ 30 ದಿನದೊಳಗೆ ಗಾಡಿ ವಾಪಸು ಕೊಟ್ಟು ಪೂರ್ತಿ ಹಣ ಕೇಳಬಹುದು. 30 ದಿನ ದಾಟಿದರೆ ಅಂಗಡಿಯವನಿಗೆ ರಿಪೇರಿಗೆ ಅಥವಾ ಬದಲಿ ಕೊಡುವುದಕ್ಕೆ ಒಂದು ಅವಕಾಶ. ಒಂದೇ ಒಂದು! ಖರ್ಚು ಅವನದ್ದು. ಸಮಂಜಸ ಸಮಯದಲ್ಲಿ, ಕೊಂಡವನಿಗೆ ದೊಡ್ಡ ತೊಂದರೆಯಾಗದಂತೆ ಮಾಡಬೇಕು. ಆ ಒಂದು ರಿಪೇರಿ ನಿಲ್ಲಲಿಲ್ಲವೋ, ಗಾಡಿ ವಾಪಸು ಕೊಡುವ ಹಕ್ಕು ಮತ್ತೆ ಎದ್ದು ನಿಲ್ಲುತ್ತದೆ. ಅಥವಾ ಗಾಡಿ ಇಟ್ಟುಕೊಂಡು ಬೆಲೆಯಲ್ಲಿ ಕಡಿತ ಕೇಳಬಹುದು. ಮೊದಲ ಆರು ತಿಂಗಳಲ್ಲಿ ಕಂಡ ದೋಷ ಮಾರಿದ ದಿನವೇ ಇತ್ತೆಂದು ಕಾನೂನೇ ಊಹಿಸುತ್ತದೆ. ಇಲ್ಲವೆಂದು ಸಾಬೀತು ಮಾಡುವ ಹೊರೆ ಅಂಗಡಿಯವನ ತಲೆಗೆ.

ಈಗ ಆ 'ಇಂಜಿನ್ ಇಲ್ಲ' ಎಂಬ ಮಾತಿಗೆ ಬರೋಣ. ವಾಪಸು ಕೊಟ್ಟಾಗ, ಇಷ್ಟು ದಿನ ಬಳಸಿದಿರಲ್ಲ ಎಂದು ಹಣ ಮುರಿದುಕೊಳ್ಳುವ ಅವಕಾಶ ಅಂಗಡಿಯವನಿಗೆ ಮೊದಲ ಆರು ತಿಂಗಳಲ್ಲಿ ಇಲ್ಲ. ಒಂದು ದೊಡ್ಡ ವಿನಾಯಿತಿ ಮೋಟಾರು ವಾಹನಕ್ಕೆ. ಅಲ್ಲಿ ಮುರಿದುಕೊಳ್ಳಬಹುದು. ಆದರೆ ಕಾರು ಎಳೆದೊಯ್ಯುವ ಕ್ಯಾರವಾನಿಗೆ ಸ್ವಂತ ಇಂಜಿನ್ ಇಲ್ಲ, ಆದ್ದರಿಂದ ಅದು ಮೋಟಾರು ವಾಹನವಲ್ಲ! ಇಂಜಿನ್ ಇರುವ ಮೋಟಾರ್‌ಹೋಮ್ ಕೊಂಡವನಿಗೆ ಈ ರಕ್ಷಣೆ ಇಲ್ಲ, ಎಳೆಯುವ ಗಾಡಿ ಕೊಂಡವನಿಗೆ ಇದೆ. ಗಾಡಿಯೂ ಒಂದು ವಾಹನವೇ ತಾನೆ ಎಂದು ಹೇಳಿ ಅಂಗಡಿಯವನು ಸಾವಿರಾರು ಪೌಂಡು ಮುರಿದುಕೊಳ್ಳಲು ನೋಡಿದರೆ ಈ ಒಂದು ವಾಕ್ಯ ಅವನ ಮುಖಕ್ಕೆ ಹಿಡಿಯಬೇಕು. ನಮ್ಮ ಹಾಸನದ ಹುಡುಗ ಹಿಡಿದ. ಗಾಡಿ ವಾಪಸಾಯಿತು, ದುಡ್ಡು ಪೂರ್ತಿ ಬಂತು.

ವಾರಂಟಿ ಕೊಡುವವರು ಈ ಕಾನೂನನ್ನು ಅಳಿಸಿಹಾಕಲಾರರು. ಕಾನೂನಿನ ಹಕ್ಕನ್ನು ಯಾವ ಒಪ್ಪಂದದಿಂದಲೂ ಕಿತ್ತುಕೊಳ್ಳಲಾಗದೆಂದು ಅದೇ ಕಾಯಿದೆಯಲ್ಲಿದೆ. ಸರ್ವಿಸ್ ಒಂದು ವಾರ ತಡವಾದರೆ ಬೀಳುವುದು ವಾರಂಟಿ, ಕಾನೂನಲ್ಲ. ಆದರೆ ಅಳಿಸಲಾಗದ್ದನ್ನು ಮರೆಸಬಹುದಲ್ಲ! 'ವಾರಂಟಿ, ವಾರಂಟಿ' ಎಂದು ದಿನಕ್ಕೆ ಹತ್ತು ಸಲ ಜಪ ಮಾಡಿಸಿದರೆ ಗಿರಾಕಿ ತನಗಿರುವುದು ಅದೊಂದೇ ದಿಕ್ಕೆಂದು ನಂಬುತ್ತಾನೆ. ಮೊದಲ 30 ದಿನ 'ನೋಡೋಣ ಸರ್' ಎಂದು ತಳ್ಳಿದರೆ ಪೂರ್ತಿ ಹಣದ ಹಕ್ಕು ಹೋಯಿತು. ಆರು ತಿಂಗಳು ತಳ್ಳಿದರೆ ಸಾಬೀತಿನ ಹೊರೆ ಗಿರಾಕಿಯ ತಲೆಗೆ ಬಂತು. ಮರ್ಯಾದಸ್ಥ ಇಂಗ್ಲಿಷರು ಕ್ಯೂನಲ್ಲಿ ನಿಂತು ಕಾಯುತ್ತಾರೆ. ಮೂಗಿಗೆ ತುಪ್ಪ ಸವರುವುದು ನಮ್ಮ ದೇಶದ ವಿದ್ಯೆ ಎಂದುಕೊಂಡಿದ್ದಿರೇನು?

ಹಾಗೆಂದು ವಾರಂಟಿ ಪೂರ್ತಿ ಕಸವೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಕೋರ್ಟಿಗೆ ಹೋಗಲು ಆರು ವರ್ಷದ ಗಡುವು, ಸ್ಕಾಟ್ಲೆಂಡಿನಲ್ಲಿ ಐದು. ಅದರ ಆಚೆಗಿನ ವರ್ಷಗಳಿಗೆ ಆ ಕಾಗದವೇ ಗತಿ. ಆದರೆ ಆ ಕಾಗದದ ಆಯುಸ್ಸು ಅದನ್ನು ಬರೆದವನ ಆಯುಸ್ಸಿಗಿಂತ ಹೆಚ್ಚಿರಲಾರದು. ಪ್ರೆಸ್ಟನ್ ಕಡೆಯ ಲೂನಾರ್ ಎಂಬ ಹಳೆಯ ಕಂಪನಿ 2019ರ ಜುಲೈನಲ್ಲಿ ದಿವಾಳಿಯ ಹಾದಿ ಹಿಡಿದು ಆಡಳಿತಾಧಿಕಾರಿಗಳ ಕೈಸೇರಿತು. ಕಾರ್ಖಾನೆ ಮುಚ್ಚಿದ ಮೇಲೆ ಕಾರ್ಖಾನೆಯ ವಾಗ್ದಾನವನ್ನು ಯಾರ ಬಾಗಿಲಿಗೆ ಒಯ್ಯುವುದು? ಕಾನೂನು ತಿಳಿದವರು ಮಾರಿದ ಅಂಗಡಿಯ ಬಾಗಿಲಿಗೆ ಹೋಗಬಹುದು. ವಾರಂಟಿಯೊಂದನ್ನೇ ನಂಬಿದವರ ಕೈಯಲ್ಲಿ ಉಳಿಯುವುದು ಕಾಗದ.

ಕೋರ್ಟೂ ಸುಲಭವಲ್ಲ ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಸಣ್ಣ ದಾವೆಗಳ ಸರಳ ವಿಚಾರಣೆಯ ಮಿತಿ 10,000 ಪೌಂಡು. ಗಾಡಿಯ ಬೆಲೆ ಅದನ್ನು ಎಂದೋ ದಾಟಿದೆ. ಆಚೆ ಹೋದರೆ ಸೋತವನು ಗೆದ್ದವನ ವಕೀಲರ ಖರ್ಚನ್ನೂ ಹೊರಬೇಕಾಗಬಹುದು. ಅಂಗಡಿಯವನಿಗೆ ಇದು ಗೊತ್ತು. ಗಿರಾಕಿಯ ಈ ಭಯದ ಮೇಲೆಯೇ ಅವನ ವ್ಯಾಪಾರ ನಿಂತಿದೆ. ಇದಕ್ಕೊಂದು ಅಡ್ಡದಾರಿ ಇದೆ. 1974ರ ಗ್ರಾಹಕ ಸಾಲ ಕಾಯಿದೆಯ 75ನೇ ಸೆಕ್ಷನ್. ಬೆಲೆ 100 ಪೌಂಡಿಗೆ ಮೇಲೆ, 30,000 ಪೌಂಡಿಗೆ ಒಳಗೆ ಇದ್ದು, ಮುಂಗಡದ ಒಂದು ಪಾಲನ್ನಾದರೂ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಅಂಗಡಿಯವನಷ್ಟೇ ಹೊಣೆ ಕಾರ್ಡ್ ಕಂಪನಿಗೂ ಬರುತ್ತದೆ. ಗಾಡಿಯ ಬೆಲೆ ಮೂವತ್ತು ಸಾವಿರ ದಾಟಿತೋ, ಆ ದಾರಿಯೂ ಬಂದ್. ಹೊಸ ಗಾಡಿಗಳ ಬೆಲೆ ಈಗ ಆ ಗೆರೆಯ ಆಸುಪಾಸಿನಲ್ಲೇ ಸುಳಿದಾಡುತ್ತಿದೆ, ಗಮನಿಸಿ.

ಹೀಗಾಗಿ ಅಲ್ಲಿರುವ ನಮ್ಮವರಿಗೆ ಎರಡು ಮಾತು. ಗಾಡಿ ಪಡೆಯುವ ದಿನ ಟೈ ಕಟ್ಟಿದ ಹುಡುಗ ಕಾಫಿ ಕೊಟ್ಟು ಪೋಟೋ ತೆಗೆಯುತ್ತಾನೆ, ಮರುಳಾಗಬೇಡಿ. ಎರಡು ಗಂಟೆ ತೆಗೆದುಕೊಳ್ಳಿ. ಹೀಟರ್ ಹಚ್ಚಿಸಿ, ನಲ್ಲಿ ಬಿಡಿಸಿ, ಹಾಸಿಗೆಯಡಿಯ ಪೆಟ್ಟಿಗೆ ತೆಗೆದು ಟಾರ್ಚ್ ಹಾಕಿ ಮೂಲೆಗಳನ್ನು ನೋಡಿ, ಡ್ಯಾಂಪ್ ಮೀಟರಿನ ಲೆಕ್ಕವನ್ನು ಅವರ ಕೈಯಿಂದಲೇ ಬರೆಸಿಕೊಳ್ಳಿ. ಮೊದಲ ಪ್ರವಾಸವನ್ನು 30 ದಿನದೊಳಗೆ ಮಾಡಿ, ಅದೂ ಮಳೆ ಬರುವ ಕಡೆಗೆ. ದೋಷ ಕಂಡರೆ ಫೋನಿನಲ್ಲಿ ಗೋಗರೆಯಬೇಡಿ, ದಿನಾಂಕ ಹಾಕಿ ಬರೆಯಿರಿ. ಪತ್ರ ಅಂಗಡಿಗೆ ಹೋಗಲಿ, ಕಾರ್ಖಾನೆಗಲ್ಲ. ಅದರಲ್ಲಿ 'ವಾರಂಟಿ' ಎಂಬ ಪದ ಬೇಡ, 'ಗ್ರಾಹಕರ ಹಕ್ಕುಗಳ ಕಾಯಿದೆ 2015' ಎಂದಿರಲಿ. ಹಳೆಯ ಗಾಡಿಯನ್ನು ಅಂಗಡಿಯಲ್ಲಿ ಕೊಂಡರೂ, ಅದರ ವಯಸ್ಸಿಗೆ ತಕ್ಕಂತೆ, ಈ ಹಕ್ಕು ಇದೆ. ಬೀದಿಯಲ್ಲಿ ಖಾಸಗಿಯವರಿಂದ ಕೊಂಡರೆ ಇಲ್ಲ.

ಇನ್ನು ಇಲ್ಲಿರುವ ನಮಗೆ. ಅದೇ ಕಾಯಿದೆಯ 30ನೇ ಸೆಕ್ಷನ್ ಓದಿದಾಗ ನನ್ನ ಮೈ ಉರಿಯಿತು. ಅದರಲ್ಲಿ ಏನಿದೆ ಗೊತ್ತೇ? ಗ್ಯಾರಂಟಿ ಕಾಗದ ಸರಳವಾದ, ಅರ್ಥವಾಗುವ ಭಾಷೆಯಲ್ಲಿರಬೇಕು. ಕಾನೂನಿನ ಹಕ್ಕುಗಳು ಬೇರೆಯೇ ಇವೆ, ಈ ಕಾಗದದಿಂದ ಅವಕ್ಕೆ ಧಕ್ಕೆಯಿಲ್ಲ ಎಂದು ಆ ಕಾಗದದಲ್ಲೇ ಬರೆದಿರಬೇಕು. ಮತ್ತು ಆ ದೇಶದಲ್ಲಿ ಮಾರುವ ವಸ್ತುವಿನ ಗ್ಯಾರಂಟಿ ಇಂಗ್ಲಿಷಿನಲ್ಲೇ ಇರಬೇಕು! ಹೌದು, ಜಗತ್ತನ್ನೆಲ್ಲ ಇಂಗ್ಲಿಷಿನಲ್ಲಿ ಅದ್ದಿದ ಆ ಜನ ತಮ್ಮ ಮನೆಯಲ್ಲಿ ಗ್ಯಾರಂಟಿ ಕಾಗದಕ್ಕೂ ಸ್ವಂತ ಭಾಷೆ ಕಡ್ಡಾಯ ಮಾಡಿಕೊಂಡಿದ್ದಾರೆ. ಜರ್ಮನಿಯ ಹೀಟರ್ ಬರಲಿ, ಇಟಲಿಯ ಪಂಪು ಬರಲಿ, ಕಾಗದ ನಮ್ಮ ಭಾಷೆಯಲ್ಲಿರಲಿ ಎನ್ನುತ್ತಾರೆ. ಯಾರೂ ಅವರನ್ನು ಸಂಕುಚಿತರೆನ್ನಲಿಲ್ಲ. ಉದ್ಯಮ ಓಡಿಹೋಗುತ್ತದೆ ಎಂದು ಯಾರೂ ಹೆದರಿಸಲಿಲ್ಲ.

ನಮ್ಮ ಪಾಡು? ಪೊಟ್ಟಣದ ಸರಕುಗಳ ಬಗ್ಗೆ ಕೇಂದ್ರದ 2011ರ ಮಾಪನ ನಿಯಮ, ಪೊಟ್ಟಣದ ಮೇಲಿನ ವಿವರ ದೇವನಾಗರಿಯ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿರಬೇಕು ಎನ್ನುತ್ತದೆ. ಬೇರೆ ಭಾಷೆ ಬೇಕಿದ್ದರೆ ಜೊತೆಗೆ ಹಾಕಿಕೊಳ್ಳಿ, ಅಡ್ಡಿಯಿಲ್ಲ. ಅಡ್ಡಿಯಿಲ್ಲವಂತೆ, ದೊಡ್ಡ ಉಪಕಾರ! ನಮ್ಮ ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲಿ ತಯಾರಾಗುವ ಸರಕುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಹೇಳಿತು. ಸರಿ, ಹೊರಗೆ ತಯಾರಾಗಿ ಇಲ್ಲಿ ಮಾರಾಟವಾಗುವುದರ ಗತಿ? ವಾರಂಟಿಯ ಷರತ್ತು ಬಳಕೆಯ ಸೂಚನೆಯೋ ಅಲ್ಲವೋ? ಕೇಳಿದವರಿಲ್ಲ. ಅಲ್ಲಿ ಕಾಗದ ಇಂಗ್ಲಿಷರ ಭಾಷೆಯಲ್ಲೇ ಇದ್ದೂ ಇಂಗ್ಲಿಷರು ಸಣ್ಣಕ್ಷರದ ಬಲೆಗೆ ಬೀಳುತ್ತಾರೆಂದರೆ, ಮಂಡ್ಯದಿಂದ ಬಂದು ಪೀಣ್ಯದಲ್ಲಿ ಲೇತ್ ಓಡಿಸುವ ಹುಡುಗ ಸ್ಕೂಟರ್ ಕೊಂಡು, ಇಪ್ಪತ್ತು ಪುಟದ ಇಂಗ್ಲಿಷ್ ಪುಸ್ತಕದ ಕೊನೆಗೆ ರುಜು ಹಾಕಿದಾಗ ಏನು ಒಪ್ಪಿಕೊಂಡನೆಂದು ಅವನಿಗೆ ಗೊತ್ತಿರಲು ಸಾಧ್ಯವೇ?

ಅವನಿಗೂ ಕಾನೂನಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಕಂಪನಿ ಎಲ್ಲೇ ಇರಲಿ, ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ ಸಾಕು, 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಹೋಗಬೇಕು. ಷೋರೂಮಿನವರು 'ಕಂಪನಿಗೆ ಮೇಲ್ ಹಾಕಿದ್ದೇವೆ ಸರ್' ಎಂದು ತಿಂಗಳುಗಟ್ಟಲೆ ದೂಡುವುದು ಈ ಗಡುವು ಮುಗಿಯಲೆಂದೇ.

ಮುಂದಿನ ಸಲ ನಿಮ್ಮಲ್ಲಿ ಯಾರೇ ಸ್ಕೂಟರ್, ಕಾರು, ಫ್ರಿಜ್ಜು, ಏನೇ ಕೊಂಡರೂ ದುಡ್ಡು ಕೊಡುವ ಮುಂಚೆ ವಾರಂಟಿ ಕಾಗದವನ್ನು ಕನ್ನಡದಲ್ಲಿ ಕೇಳಿ. ಇಲ್ಲವೆಂದರೆ ಜಗಳ ಬೇಡ. 'ಕನ್ನಡದಲ್ಲಿ ಇಲ್ಲ' ಎಂದು ಅಂಗಡಿಯ ಕಾಗದದ ಮೇಲೆ, ಮೊಹರು ಒತ್ತಿ, ಬರೆದು ಕೊಡಿ ಎನ್ನಿ. ಆ ಕಾಗದ ಜೋಪಾನವಾಗಿಟ್ಟುಕೊಂಡು ನಮಗೊಂದು ಪ್ರತಿ ಕಳಿಸಿ.